ತಾಯಿಯ ಸಹನೆಯೂ ಮನೆಯವರ ಋಣವೂ

ಟಿಪ್ಪು ಸುಲ್ತಾನನು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳಿಂದ ನಜರ್‌ಬಾದಿನಲ್ಲಿ ಕೋಟೆಯನ್ನು ಕಟ್ಟಿಸತೊಡಗಿದನು. 1799ರ ತರುವಾಯ ಆ ಕಲ್ಲುಗಳೇ ಹಿಂದಿರುಗಿ ಮೈಸೂರಿನ ಕೋಟೆಗೆ ಸಂದವು. ನಜರ್‌ಬಾದಿಗೆ ಹೆಸರು ಮಾತ್ರ ಉಳಿಯಿತು. ಇಂದು ಅಲ್ಲಿಯ ಮನೆಗಳಲ್ಲಿಯೂ, ಎಲ್ಲೆಡೆಯ ಮನೆಗಳಲ್ಲಿಯೂ, ಎಷ್ಟೋ ತಾಯಂದಿರ ಪಾಡು ಇದೇ. ಅವರ ನಿದ್ರೆ, ನೆಮ್ಮದಿ, ಉಲ್ಲಾಸಗಳನ್ನು ಒಂದೊಂದಾಗಿ ಕಿತ್ತು ಸಂಸಾರವನ್ನು ಕಟ್ಟುತ್ತಾರೆ. ಅವರಿಗೆ ಉಳಿಯುವುದು ‘ಸಹನಾಮೂರ್ತಿ’ಯೆಂಬ ಹೆಸರು.

ಈ ಬಿರುದು ಗೌರವವಲ್ಲ. ಋಣ ತೀರಿಸಲೊಲ್ಲದವರ ಉಪಾಯ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸು ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ, ಗಂಡಸು ದುಡಿದುದು 97 ನಿಮಿಷ. ‘ಅಜ್ಜಿಯರು ಹತ್ತು ಮಕ್ಕಳನ್ನು ಸಾಕಲಿಲ್ಲವೆ?’ ಎಂದು ಕೆಲವರು ಕೇಳುವರು. ಸಾಕಿದರು, ದಿಟ, ಆದರೆ ಕೂಸನ್ನೆತ್ತಿಕೊಳ್ಳಲು ಅತ್ತೆ, ನಾದಿನಿ, ಓರಗಿತ್ತಿಯರಿದ್ದ ಮನೆಯಲ್ಲಿ. ಅಷ್ಟಾಗಿಯೂ ಅವರ ಕಣ್ಣೀರನ್ನು ಎಣಿಸಿದವರಾರು?

ಬಾಣಂತಿಯ ಮೈಗೆ ಎಣ್ಣೆ, ಬಿಸಿನೀರು, ಪಥ್ಯಗಳನ್ನು ವಿಧಿಸಿದ ವಿವೇಕವು ಅವಳ ಮನಸ್ಸಿಗೂ ಸಲ್ಲಬೇಡವೆ? ತಾಯಿಯ ಮನೋವ್ಯಥೆ ಸೋಮಾರಿತನವಲ್ಲ, ಚಿಕಿತ್ಸೆಯುಳ್ಳ ಬೇನೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿಯನ್ನೂ ಶಿಶುವನ್ನೂ ಅಗಲಿಸದೆ ಚಿಕಿತ್ಸೆ ಮಾಡುತ್ತಾರೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಎಂಬ ಸಂಖ್ಯೆಗೆ ಕರೆಮಾಡಿದರೆ ಹಗಲಿರುಳೂ ಉಚಿತವಾಗಿ ಸಲಹೆ ದೊರೆಯುತ್ತದೆ.

ಆದರೆ ದೂರವಾಣಿಯು ಪಾತ್ರೆ ಬೆಳಗಲಾರದು. ತಾಯಿಯು ಒಬ್ಬಳೇ ಕಾರಂಜಿ ಕೆರೆಯ ದಂಡೆಯಲ್ಲಿ ಒಂದು ಗಂಟೆ ಅಡ್ಡಾಡಿ ಬಂದರೆ ಸಂಸಾರ ಮುಳುಗದು. ಆ ಹೊತ್ತು ಗಂಡನು ಕೂಸನ್ನು ನೋಡಿಕೊಳ್ಳಲಿ. ಅದು ಉಪಕಾರವಲ್ಲ, ಕಿತ್ತ ಕಲ್ಲನ್ನು ಮರಳಿ ಸಲ್ಲಿಸುವುದು, ಅಷ್ಟೆ.