ಮನೆವಾರ್ತೆಯ ಮೌಲ್ಯವೂ ಪರದೇಶದ ದುಡಿಮೆಯೂ

ಕಳೆದ ಸೆಪ್ಟೆಂಬರ್ 8ರಂದು ಮೋಂತಿ ಹಬ್ಬದ ಪೂಜೆ ಮುಗಿದ ಬಳಿಕ, ಆಶೀರ್ವದಿಸಿದ ತೆನೆಗಳನ್ನು ನಾವು ವಾಡಿಕೆಯಂತೆ ಕುಟುಂಬಗಳಿಗೆ ಹಂಚುತ್ತಿದ್ದೆವು. ಸರದಿಯಲ್ಲಿ ಬಂದ ಒಬ್ಬ ವೃದ್ಧ ಮಾತೆ, "ಏಳು ತೆನೆ ಕೊಡಿ, ಫಾದರ್" ಎಂದರು. ಅವರ ಮನೆಯ ಪರಿಸ್ಥಿತಿ ನಮಗೆ ತಿಳಿದಿದ್ದುದರಿಂದ, "ಮನೆಯಲ್ಲಿರುವುದು ನೀವು, ಸೊಸೆ, ಮೊಮ್ಮಗ. ಮೂವರಲ್ಲವೇ, ಮಾಂಯ್?" ಎಂದು ಕೇಳಿದೆವು. "ಉಣ್ಣುವವರು ಮೂವರು, ಫಾದರ್. ಮನೆಯವರು ಏಳು ಮಂದಿ" ಎಂದು ಅವರು ಉತ್ತರಿಸಿದರು. ಹಿರಿಯ ಮಗ ಕೊಲ್ಲಿ ದೇಶದಲ್ಲಿ, ಮಗಳು ಇಸ್ರೇಲಿನಲ್ಲಿ, ಕಿರಿಯ ಮಗ ಮತ್ತು ಅವನ ಮಡದಿ ಇಂಗ್ಲೆಂಡಿನಲ್ಲಿ. ಹಿಂದೆ ನಮ್ಮ ತಾಯಂದಿರು ಹೊಸ ಭತ್ತದ ಕಾಳುಗಳನ್ನು ಲಕೋಟೆಯೊಳಗಿಟ್ಟು ಮುಂಬಯಿಗೂ ಪರದೇಶಕ್ಕೂ ಅಂಚೆಯ ಮೂಲಕ ಕಳುಹಿಸುತ್ತಿದ್ದರು. ಈಕೆಯೂ ರಜೆ ಮುಗಿಸಿ ಹೊರಡುವ ಯಾರದಾದರೂ ಕೈಯಲ್ಲಿ ಅವನ್ನು ಕಳುಹಿಸುವವರೇ.

ಆ ಮಾತು ಹಲವು ದಿನ ನಮ್ಮನ್ನು ಕಾಡಿತು. ಉಣ್ಣುವವರ ಸಂಖ್ಯೆಯೂ ಮನೆಯವರ ಸಂಖ್ಯೆಯೂ ಬೇರೆಯಾಗಿರುವ ಕುಟುಂಬಗಳು ನಮ್ಮ ಕರಾವಳಿಯಲ್ಲಿ ಇಂದು ಅಪವಾದವಲ್ಲ. ಈ ಅಂತರವನ್ನು ದಿನನಿತ್ಯ ತುಂಬುತ್ತಿರುವವರು ಯಾರು, ಅದಕ್ಕೆ ಅವರು ತೆರುತ್ತಿರುವ ಬೆಲೆ ಏನು ಎಂಬುದನ್ನು ನಾವು ಸಾರ್ವಜನಿಕವಾಗಿ ಕೇಳಿಕೊಂಡದ್ದು ಬಹು ವಿರಳ.

ವಲಸೆ ನಮಗೆ ಹೊಸದಲ್ಲ. ಘಟ್ಟದ ಮೇಲಿನ ಕಾಫಿ ತೋಟಗಳಿಗೆ ಹೋದವರು, ಮುಂಬಯಿಯ ಕಚೇರಿ, ಅಡುಗೆಮನೆ, ಕಾರ್ಖಾನೆಗಳಲ್ಲಿ ದುಡಿದವರು ನಮ್ಮ ಹಿರಿಯರೇ. 1973ರಲ್ಲಿ ತೈಲದ ಬೆಲೆ ಏರಿದ ಬಳಿಕ ಕೊಲ್ಲಿ ರಾಷ್ಟ್ರಗಳ ಬಾಗಿಲು ತೆರೆಯಿತು. 2011ರ ಜನಗಣತಿಯ ಪ್ರಕಾರ ಉಡುಪಿ ಜಿಲ್ಲೆಯಲ್ಲಿ ಪ್ರತಿ 1000 ಪುರುಷರಿಗೆ 1094 ಸ್ತ್ರೀಯರು, ದಕ್ಷಿಣ ಕನ್ನಡದಲ್ಲಿ 1020. ಇಡೀ ರಾಜ್ಯದ ಸರಾಸರಿ 973 ಮಾತ್ರ. ಈ ಅಂತರಕ್ಕೆ ಪುರುಷರ ವಲಸೆಯೂ ಒಂದು ಕಾರಣವೆಂಬುದು ಊರಿನ ಯಾವ ಮನೆಯ ಜಗಲಿಯಲ್ಲಿ ಕುಳಿತರೂ ತಿಳಿಯುವ ಸಂಗತಿ.

1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತನ್ನು ಆಕ್ರಮಿಸಿದಾಗ ನಾವಿನ್ನೂ ಗುರುಮಠದ ವಿದ್ಯಾರ್ಥಿ. ಅಮ್ಮಾನಿನ ಮಾರ್ಗವಾಗಿ ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ಕರೆತರುವ ತನಕ ಎಷ್ಟೋ ಮನೆಗಳಲ್ಲಿ ಸುದ್ದಿಯೇ ಇಲ್ಲದ ರಾತ್ರಿಗಳು ಕಳೆದವು. 2020ರ ಮಹಾಮಾರಿಯ ವೇಳೆ ಅದೇ ಆತಂಕ ಮರುಕಳಿಸಿತು. 2023ರ ಅಕ್ಟೋಬರ್ 7ರ ಬಳಿಕ ಇಸ್ರೇಲಿನಲ್ಲಿ ವೃದ್ಧರ ಆರೈಕೆಗೆ ನಿಂತ ನಮ್ಮ ಹೆಣ್ಣುಮಕ್ಕಳ ತಾಯಂದಿರು ದೂರದರ್ಶನದ ಮುಂದೆ ಜಪಸರ ಹಿಡಿದು ಕುಳಿತರು. 2024ರ ಜೂನ್ 12ರಂದು ಕುವೈತಿನ ಮಂಗಾಫಿನಲ್ಲಿ ಕಾರ್ಮಿಕರ ವಸತಿಗೃಹಕ್ಕೆ ಬೆಂಕಿ ಬಿದ್ದು ಅನೇಕ ಮಂದಿ ಭಾರತೀಯರು ಸತ್ತಾಗ, ಅಲ್ಲಿ ತಮ್ಮವರಿಲ್ಲದ ಮನೆಗಳಲ್ಲೂ ಕೊಲ್ಲಿಯಲ್ಲಿ ಗಂಡನಿರುವ ಹೆಂಗಸರು ಅಂದು ನಿದ್ರಿಸಲಿಲ್ಲ. ಪ್ರತಿ ಸಂಕಟದಲ್ಲೂ ಸರಕಾರವು ಅಲ್ಲಿರುವವರನ್ನು ಎಣಿಸುತ್ತದೆ, ಅದು ಸರಿಯೇ. ಆದರೆ ಇಲ್ಲಿ ಕಾಯುತ್ತಿರುವವರನ್ನು ಎಣಿಸುವವರಿಲ್ಲ.

ಹಣದ ಲೆಕ್ಕವಾದರೋ ಸ್ಪಷ್ಟವಾಗಿದೆ. ಭಾರತೀಯ ರಿಸರ್ವ್ ಬ್ಯಾಂಕಿನ ಅಂಕಿ ಅಂಶಗಳಂತೆ, 2023-24ರಲ್ಲಿ ಪರದೇಶಗಳಿಂದ ಈ ದೇಶಕ್ಕೆ ಬಂದ ಹಣ ಸುಮಾರು 119 ಶತಕೋಟಿ ಡಾಲರ್. ಕೊಲ್ಲಿ ದೇಶಗಳ ಪಾಲು 2016-17ರಲ್ಲಿ ಸುಮಾರು ಶೇಕಡಾ 47 ಇದ್ದದ್ದು 38ಕ್ಕೆ ಇಳಿದಿದೆ. ಅಮೆರಿಕ, ಇಂಗ್ಲೆಂಡುಗಳ ಪಾಲು ಏರಿದೆ. ಆ ಹಣದಿಂದ ನಮ್ಮ ಊರುಗಳಲ್ಲಿ ಹಂಚಿನ ಮನೆಗಳು ತಾರಸಿ ಮನೆಗಳಾದವು, ಮಕ್ಕಳು ಇಂಜಿನಿಯರುಗಳೂ ದಾದಿಯರೂ ಆದರು. ಇದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ನಮ್ಮ ಪ್ರಶ್ನೆ ಬೇರೆ. ಬ್ಯಾಂಕಿಗೆ ಬಂದದ್ದನ್ನು ಮಾತ್ರ ಬರೆದಿಟ್ಟು, ಮನೆಯಿಂದ ಹೋದದ್ದನ್ನು ಬರೆಯದ ಲೆಕ್ಕವು ಪೂರ್ಣವಾದೀತೇ?

ಆ ವೃದ್ಧ ಮಾತೆಯ ಸೊಸೆಯ ದಿನಚರಿಯನ್ನು ನೋಡಿ. ಬೆಳಗ್ಗೆ ಐದಕ್ಕೆ ಎದ್ದು ಕುಚ್ಚಲಕ್ಕಿಯ ಗಂಜಿಗೆ ಒಲೆ ಹಚ್ಚಬೇಕು, ಅತ್ತೆಯ ಸಕ್ಕರೆ ಕಾಯಿಲೆಗೆ ಔಷಧಿ ಕೊಡಬೇಕು, ಮಗನನ್ನು ಶಾಲೆಯ ವಾಹನಕ್ಕೆ ಹತ್ತಿಸಬೇಕು. ಬಳಿಕ ಅಡಿಕೆ ಕೀಳುವವರನ್ನು ಹುಡುಕುವುದು, ಪಂಪಿನ ರಿಪೇರಿ, ವಿದ್ಯುತ್ ಬಿಲ್ಲು, ಬ್ಯಾಂಕಿನ ಸಾಲದ ಕಂತು, ಪಂಚಾಯತಿಯ ತೆರಿಗೆ. ಸಂಜೆ ಮಗನ ಪಾಠ, ಆಮೇಲೆ ಪ್ರಾರ್ಥನೆ, ಊಟ. ರಾತ್ರಿ ಗಂಡನ ಪಾಳಿ ಮುಗಿಯುವ ಹೊತ್ತಿಗೆ ಫೋನಿನ ಪರದೆಯ ಮುಂದೆ ನಗುಮುಖದಿಂದ ಕುಳಿತುಕೊಳ್ಳಬೇಕು. "ಅಳು ಬಂದರೆ ನಾನು ಕರೆಯ ಮೊದಲೇ ಅತ್ತು ಮುಗಿಸುತ್ತೇನೆ, ಫಾದರ್. ಅಲ್ಲಿ ಅವರೊಬ್ಬರೇ ಇರುವುದಲ್ಲವೇ" ಎಂದು ಆಕೆ ಒಮ್ಮೆ ನಮ್ಮೊಡನೆ ಹೇಳಿದ್ದರು. ಜನಗಣತಿಯಲ್ಲಿ ಈ ಮಹಿಳೆಯ ಉದ್ಯೋಗದ ಕಲಮಿನಲ್ಲಿ ಸಾಮಾನ್ಯವಾಗಿ ಬರೆಯುವುದು 'ಮನೆಗೆಲಸ'. ಕೆಲವು ಗಂಡಂದಿರ ಬಾಯಲ್ಲಿ ಅದು 'ಸುಮ್ಮನೆ ಮನೆಯಲ್ಲಿದ್ದಾಳೆ' ಎಂದಾಗುತ್ತದೆ.

ಈ 'ಸುಮ್ಮನೆ' ಎಂಬುದರ ಅಳತೆ ಈಗ ಲಭ್ಯವಿದೆ. ಕೇಂದ್ರ ಸರಕಾರವು 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವ ಸ್ತ್ರೀಯರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದಕ್ಕೆ ವಿನಿಯೋಗಿಸುತ್ತಾರೆ. ಅದೇ ಕೆಲಸದಲ್ಲಿ ತೊಡಗುವ ಪುರುಷರು 88 ನಿಮಿಷ. 2019ರ ಸಮೀಕ್ಷೆಯಲ್ಲಿ ಈ ಅಂಕಿಗಳು 299 ಮತ್ತು 97 ಇದ್ದವು. 2021ರ ಜನವರಿಯಲ್ಲಿ ದೆಹಲಿಯ ರಸ್ತೆ ಅಪಘಾತವೊಂದರಲ್ಲಿ ಮಡಿದ ದಂಪತಿಗಳ ಪರಿಹಾರದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಗೃಹಿಣಿಯ ದುಡಿಮೆಗೂ ಆದಾಯವೊಂದನ್ನು ಅಂದಾಜಿಸಬೇಕೆಂದು ತೀರ್ಪಿತ್ತಿತು. ನ್ಯಾಯಮೂರ್ತಿ ಎನ್. ವಿ. ರಮಣ ಅವರು ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ 2019ರ ಆ ಅಂಕಿಗಳನ್ನೇ ಆಧಾರವಾಗಿಟ್ಟುಕೊಂಡರು. ಸ್ವಾಗತಾರ್ಹ ತೀರ್ಪು. ಆದರೆ ಅಂಥ ಮೊಕದ್ದಮೆಗಳಲ್ಲಿ ಗೃಹಿಣಿಯ ಬೆಲೆ ಲೆಕ್ಕಕ್ಕೆ ಬರುವುದು ಆಕೆ ಸತ್ತ ಮೇಲೆ ಅಥವಾ ಅಂಗವಿಕಲಳಾದ ಮೇಲೆ ಎಂಬುದನ್ನು ನಾವು ಮರೆಯಬಾರದು. 2023ರ ಆಗಸ್ಟ್‌ನಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯು ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿಗಳನ್ನು ಗೊತ್ತುಪಡಿಸಿ, ಆಕೆ ಬದುಕಿರುವಾಗಲೇ ಆಕೆಯ ಸ್ಥಾನವನ್ನು ಗುರುತಿಸಿತು. ಯೋಜನೆಯ ವೆಚ್ಚದ ಬಗ್ಗೆ ಭಿನ್ನಾಭಿಪ್ರಾಯಗಳಿರಬಹುದು. ಗುರುತಿಸುವಿಕೆಯ ಬಗ್ಗೆ ಇರಬಾರದು.

ಇಲ್ಲಿ ತತ್ವಶಾಸ್ತ್ರದ ಒಂದು ಹಳೆಯ ವಿವೇಚನೆ ನಮ್ಮ ನೆರವಿಗೆ ಬರುತ್ತದೆ. ಇಂದು ಅರ್ಥಶಾಸ್ತ್ರಕ್ಕೆ ಇಂಗ್ಲಿಷಿನಲ್ಲಿರುವ ಹೆಸರು ಗ್ರೀಕಿನ 'ಓಯಿಕೋಸ್', ಅಂದರೆ ಮನೆ ಎಂಬ ಪದದಿಂದ ಹುಟ್ಟಿದ್ದು. ಅರಿಸ್ಟಾಟಲನು ತನ್ನ 'ರಾಜನೀತಿ' ಗ್ರಂಥದಲ್ಲಿ ಮನೆಯನ್ನು ನಡೆಸುವ ವಿದ್ಯೆಯೇ ಬೇರೆ, ಧನವನ್ನು ಕೂಡಿಸುವ ವಿದ್ಯೆಯೇ ಬೇರೆ ಎಂದು ವಿಂಗಡಿಸಿದನು. ಮೊದಲನೆಯದಕ್ಕೆ ಒಂದು ಮಿತಿಯಿದೆ. ಏಕೆಂದರೆ ಒಳ್ಳೆಯ ಬಾಳಿಗೆ ಎಷ್ಟು ಬೇಕೋ ಅಷ್ಟೇ ಅದರ ಗುರಿ. ಎರಡನೆಯದಕ್ಕೆ ಮಿತಿಯಿಲ್ಲ. ಅರಿಸ್ಟಾಟಲನು ಸ್ತ್ರೀಯರ ಕುರಿತೂ ಗುಲಾಮರ ಕುರಿತೂ ಹೇಳಿದ್ದನ್ನು ನಾವು ಒಪ್ಪಲಾರೆವು. ಈ ವಿಂಗಡಣೆಯಾದರೋ ಇಂದಿಗೂ ಉಪಯುಕ್ತ. ಕನ್ನಡದಲ್ಲಿ 'ಮನೆವಾರ್ತೆ' ಎಂಬ ಸೊಗಸಾದ ಮಾತಿದೆ. ಮಗನು ಮನೆವಾರ್ತೆಗಾಗಿ ಸಮುದ್ರ ದಾಟಿದನು. ಎರಡು ವರ್ಷ ಎಂದದ್ದು ನಾಲ್ಕಾಯಿತು, ಮನೆ ಕಟ್ಟುವ ತನಕ ಎಂದದ್ದು ತಂಗಿಯ ಮದುವೆಯ ತನಕ, ಅನಂತರ ಮಗುವಿನ ಕಾಲೇಜಿನ ತನಕ ಎಂದಾಯಿತು. ಎಲ್ಲಿ ಮನೆವಾರ್ತೆ ಮುಗಿದು ಧನಾರ್ಜನೆ ತೊಡಗಿತೋ ಅವನಿಗೇ ತಿಳಿಯಲಿಲ್ಲ. ಸಾಧನವೇ ಗುರಿಯ ಪೀಠದಲ್ಲಿ ಕುಳಿತುಕೊಂಡಿತು.

ತಪ್ಪು ಹೋದವರದ್ದು ಮಾತ್ರ ಎಂದು ಇದರ ಅರ್ಥವಲ್ಲ. ಅತಿಥೇಯ ದೇಶಗಳ ಕಾನೂನುಗಳು ದುಡಿಮೆಯನ್ನು ಬರಮಾಡಿಕೊಂಡು ಕುಟುಂಬವನ್ನು ಹೊರಗೆ ನಿಲ್ಲಿಸುತ್ತಿವೆ. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಪತ್ನಿ ಮಕ್ಕಳನ್ನು ಕರೆಸಿಕೊಳ್ಳಲು, 2019ರಲ್ಲಿ ಸಡಿಲಿಸಿದ ನಿಯಮದಂತೆಯೂ, 4000 ದಿರ್‌ಹಾಮ್ ಅಥವಾ 3000 ದಿರ್‌ಹಾಮ್ ಮತ್ತು ವಸತಿಯಷ್ಟು ಸಂಬಳ ಬೇಕಾಯಿತು. ಸೌದಿ ಅರೇಬಿಯವು 2017ರ ಜುಲೈಯಲ್ಲಿ ಅವಲಂಬಿತರ ಮೇಲೆ ತಲಾ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿ 2020ರ ವೇಳೆಗೆ ಅದನ್ನು 400ಕ್ಕೆ ಏರಿಸಿದಾಗ ಅನೇಕ ಕುಟುಂಬಗಳು ಊರಿಗೆ ಮರಳಿದವು, ಗಂಡಸರು ಅಲ್ಲೇ ಉಳಿದರು. ಬ್ರಿಟನ್ನಿನಲ್ಲಿ 2024ರ ಮಾರ್ಚ್ 11ರಿಂದ ಹೊಸದಾಗಿ ಬರುವ ಆರೈಕೆ ಕಾರ್ಮಿಕರು ಗಂಡ, ಹೆಂಡತಿ, ಮಕ್ಕಳನ್ನು ಜೊತೆಗೊಯ್ಯುವಂತಿಲ್ಲ. 2025ರ ಜುಲೈ 22ರಿಂದ ಪರದೇಶಗಳಿಂದ ಆ ಕೆಲಸಕ್ಕೆ ಹೊಸ ನೇಮಕಾತಿಯೇ ನಿಂತಿದೆ. ಹಸ್ತಗಳು ಬೇಕು, ಮನುಷ್ಯರು ಬೇಡ ಎಂಬ ಈ ನೀತಿಯ ಹಿಂದೆ ಕೆಲಸಗಾರನಿಗೆ ಮನೆಯೇ ಇಲ್ಲವೆಂಬ ಕಲ್ಪನೆಯಿದೆ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲೀ ಹಾಕ್‌ಶೀಲ್ಡ್ ಅವರು 2000ದಲ್ಲಿ ಇದನ್ನು ಆರೈಕೆಯ ಜಾಗತಿಕ ಸರಪಳಿ ಎಂದು ಕರೆದರು. ನಮ್ಮ ಊರಿನ ಮಗಳು ದೂರದೇಶದಲ್ಲಿ ಇನ್ನೊಬ್ಬರ ತಾಯಿಗೆ ಸ್ನಾನ ಮಾಡಿಸುತ್ತಾಳೆ. ಆಕೆಯ ತಾಯಿಗೆ ಇಲ್ಲಿ ಸೊಸೆ ಸ್ನಾನ ಮಾಡಿಸುತ್ತಾಳೆ. ಆ ಸೊಸೆಯ ತಾಯಿ ಇನ್ನೊಂದು ಊರಿನಲ್ಲಿ ಒಬ್ಬರೇ ಇದ್ದಾರೆ. ಸರಪಳಿಯ ಒಂದು ತುದಿಯಲ್ಲಿ ಸಂಬಳವಿದೆ. ಇನ್ನೊಂದು ತುದಿಯಲ್ಲಿ ಯಾರೂ ಇಲ್ಲದ ಮುದುಕಿಯಿದ್ದಾಳೆ. 2007ರ ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು ಮಕ್ಕಳಿಂದ ಜೀವನಾಂಶ ಕೊಡಿಸಬಲ್ಲದು. ನಾವು ಭೇಟಿ ಕೊಡುವ ಬಹುತೇಕ ವೃದ್ಧರಿಗೆ ಕೊರತೆಯಿರುವುದು ಜೀವನಾಂಶದ್ದಲ್ಲ, ಜ್ವರ ಬಂದ ರಾತ್ರಿ ನೀರು ಕೊಡುವ ಕೈಯದ್ದು.

"ಹೋಗದಿದ್ದರೆ ಇಲ್ಲಿ ಏನಿದೆ, ಫಾದರ್?" ಎಂದು ಯುವಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಒಂದೆರಡು ಎಕ್ರೆಯ ಜಮೀನು, ಅದಕ್ಕೂ ಹಂಚಿಕೆ, ಊರಿನ ಕಚೇರಿಗಳಲ್ಲಿ ಸಿಗುವ ಅಲ್ಪ ವೇತನ ಇವುಗಳ ನಡುವೆ ಅವರಿಗೆ ಉಪದೇಶ ಮಾಡುವುದು ಸುಲಭ, ಉತ್ತರ ಕೊಡುವುದು ಕಷ್ಟ. ಜಗದ್ಗುರು ಎರಡನೆಯ ಜಾನ್ ಪೌಲರು 1981ರಲ್ಲಿ ಮಾನವನ ದುಡಿಮೆಯನ್ನು ಕುರಿತು ಬರೆದ 'ಲಾಬೊರೆಮ್ ಎಕ್ಸೆರ್ಸೆನ್ಸ್' ಪತ್ರದಲ್ಲಿ ಈ ಎರಡೂ ಸಂಗತಿಗಳಿವೆ. ಉತ್ತಮ ಬಾಳನ್ನರಸಿ ನಾಡು ಬಿಡುವ ಹಕ್ಕು ಮನುಷ್ಯನಿಗಿದೆ ಎಂದು ಅವರು ಒಪ್ಪುತ್ತಾರೆ. ಆದರೂ ವಲಸೆಯು ಊರಿಗೊಂದು ನಷ್ಟವೆಂಬುದನ್ನು ಮುಚ್ಚಿಡುವುದಿಲ್ಲ. ಅದೇ ಪತ್ರದಲ್ಲಿ, ಮನೆಯಲ್ಲಿ ತಾಯಿ ಪಡುವ ಶ್ರಮವನ್ನು ಸಮಾಜವು ಮರುಮೌಲ್ಯಮಾಪನ ಮಾಡಬೇಕೆಂದೂ ಹೇಳಿದ್ದಾರೆ. ಈ ಎರಡನ್ನೂ ಕೂಡಿಸಿ ಓದುವ ಕೆಲಸವನ್ನು ನಾವು ಮಾಡಲಿಲ್ಲ.

ನಾವು ಎಂದರೆ ಧರ್ಮಗುರುಗಳೂ ಸೇರಿದಂತೆ. ಇಗರ್ಜಿಯ ಹೊಸ ಗೋಪುರಕ್ಕೆ, ಶಾಲೆಯ ಕೊಠಡಿಗೆ ಪರದೇಶದಿಂದ ಬಂದ ದೇಣಿಗೆಯನ್ನು ನಾವು ಪೀಠದಿಂದ ಹೆಸರು ಹಿಡಿದು ಓದಿದ್ದೇವೆ. ಆ ದೇಣಿಗೆ ಬರುವಂತೆ ಮನೆಯನ್ನು ನಡೆಸಿದ ಮಡದಿಯ ಹೆಸರನ್ನು ಒಮ್ಮೆಯಾದರೂ ಓದಿದ್ದೇವೆಯೇ? ನೆನಪಿಗೆ ಬರುತ್ತಿಲ್ಲ. ಈ ತಪ್ಪನ್ನು ಒಪ್ಪಿಕೊಳ್ಳದೆ ಇತರರಿಗೆ ಹೇಳುವ ಅರ್ಹತೆ ನಮಗಿಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ ಸರಕಾರ ಎಣಿಸಲಿ. ಕೇರಳದಲ್ಲಿ 1996ರಿಂದ ಅನಿವಾಸಿಗಳಿಗಾಗಿ ಪ್ರತ್ಯೇಕ ಇಲಾಖೆಯಿದೆ, 1998ರಿಂದ ವಲಸೆಯ ಸಮೀಕ್ಷೆಗಳು ನಡೆಯುತ್ತಿವೆ. ನಮ್ಮ ಕರಾವಳಿ ಜಿಲ್ಲೆಗಳಲ್ಲೂ ಅಂಥ ನಿಯತ ಲೆಕ್ಕ ಬೇಕು. ಹೋದವರ ಜೊತೆಗೆ, ಉಳಿದವರದ್ದೂ.

ಎರಡನೆಯದಾಗಿ ಕುಟುಂಬಗಳು ತಮ್ಮೊಳಗೆ ನ್ಯಾಯವನ್ನು ತರಲಿ. ಬ್ಯಾಂಕಿನ ಖಾತೆಯಲ್ಲೂ ಹೊಸ ಮನೆಯ ದಾಖಲೆಯಲ್ಲೂ ಪತ್ನಿಯ ಹೆಸರಿರಲಿ. ಒಡಹುಟ್ಟಿದವರು ಹೆತ್ತವರ ಆರೈಕೆಯ ಹೊರೆಯನ್ನು ಇಲ್ಲಿರುವ ಒಬ್ಬ ಸೊಸೆಯ ತಲೆಗೆ ಕಟ್ಟದೆ, ಯಾರು ಯಾವಾಗ ರಜೆ ಹಾಕಿ ಬರುವುದೆಂದು ಮೊದಲೇ ನಿಶ್ಚಯಿಸಲಿ. ಹೊರಡುವ ಮುನ್ನವೇ ಗಂಡ ಹೆಂಡತಿ ಕುಳಿತು 'ಎಷ್ಟು ಸಾಕು' ಎಂಬುದನ್ನು ಕಾಗದದ ಮೇಲೆ ಬರೆದಿಡಲಿ. ರಜೆಗೆ ಬಂದ ಗಂಡಸು ಅತಿಥಿಯಂತೆ ಕುಳಿತು ಉಣ್ಣದೆ, ಆ ತಿಂಗಳಾದರೂ ಐದು ಗಂಟೆಗೆದ್ದು ಒಲೆ ಹಚ್ಚಲಿ. ದೂರವಿದ್ದು ಪ್ರೀತಿಸುವುದು ಸಾಧ್ಯ. ದೂರವಿದ್ದು ಪಾತ್ರೆ ತೊಳೆಯುವುದು ಸಾಧ್ಯವಿಲ್ಲ.

ಮೂರನೆಯದಾಗಿ, ನಮ್ಮ ಧರ್ಮಕೇಂದ್ರದಲ್ಲಿ ಪ್ರತಿ ವಾಳೆಯಿಂದ ನಾಲ್ವರು, ಒಂಟಿ ವೃದ್ಧರ ಮತ್ತು ಒಬ್ಬರೇ ಮನೆ ನಡೆಸುವ ಗೃಹಿಣಿಯರ ಪಟ್ಟಿ ಮಾಡಿ, ವಾರಕ್ಕೊಮ್ಮೆ ಭೇಟಿ ಕೊಡುವ ಏರ್ಪಾಡನ್ನು ಆರಂಭಿಸಿದ್ದೇವೆ. ಜಾತಿ ಮತಗಳ ಭೇದವಿಲ್ಲದೆ ನೆರೆಯ ಮನೆಗಳೂ ಪಟ್ಟಿಯಲ್ಲಿವೆ. ಇದು ದೊಡ್ಡ ಪರಿಹಾರವೆಂದು ನಾವು ಹೇಳುತ್ತಿಲ್ಲ. ಜ್ವರದ ರಾತ್ರಿಯಲ್ಲಿ ಕರೆಯಲು ಒಂದು ಫೋನ್ ನಂಬರು ಇದೆ, ಅಷ್ಟೇ. ನಿಮ್ಮ ಊರಿನಲ್ಲೂ ಇದು ಸಾಧ್ಯ.

ಅಂದು ನಾವು ಆ ಮಾತೆಗೆ ಏಳು ತೆನೆಗಳನ್ನು ಕೊಟ್ಟೆವು. ಸಂಜೆ ಅವರ ಮನೆಗೆ ಹೋದಾಗ ಮೂರು ತೆನೆಗಳ ಕಾಳು ಸುಲಿದು ತೆಂಗಿನ ಹಾಲಿನಲ್ಲಿ ಬೆರೆತು ಮುಗಿದಿತ್ತು. ಉಳಿದ ನಾಲ್ಕನ್ನು ಸೊಸೆ ಪೀಠದ ಬಳಿ ಕಾಗದದಲ್ಲಿ ಸುತ್ತಿಟ್ಟಿದ್ದರು. ಪ್ರತಿಯೊಂದರ ಮೇಲೂ ಒಂದೊಂದು ಹೆಸರು ಬರೆದಿತ್ತು. ಪರದೇಶದಲ್ಲಿರುವ ಸೋದರ ಸೋದರಿಯರೇ, ಅವು ನಿಮ್ಮನ್ನು ತಲುಪಿದಾಗ, ಆ ಅಕ್ಷರ ಯಾರದ್ದೆಂದು ಒಮ್ಮೆ ನೋಡಿಕೊಳ್ಳಿ.