ಚೌಕಾಕಾರದ ಐದು ಪೈಸೆ, ಅಂಗೈಯಗಲದ 75 ರೂಪಾಯಿ: ಹಳೆಯ ನಾಣ್ಯಗಳನ್ನು ಯಾವುದರಲ್ಲಿ ಇಡಬೇಕು?

"ನಿಮ್ಮ ಮನೆಯಲ್ಲಿ ಹಳೇ ನಾಣ್ಯ ಇದೆಯೇ? ಹುಣಸೆಹಣ್ಣು ಹಾಕಿ ತಿಕ್ಕಿ, ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿಡಿ, ಲಕ್ಷಾಂತರ ರೂಪಾಯಿ ಗಳಿಸಿ." ಇಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದರಲ್ಲಿ ಹೇಳಿದ ಮೂರೂ ಮಾತು ತಪ್ಪು. ಲಕ್ಷಾಂತರ ಸಿಗುತ್ತದೆ ಎನ್ನುವುದು ಆಸೆ ಹುಟ್ಟಿಸುವ ಮಾತು. ಉಳಿದ ಎರಡನ್ನು ಪಾಲಿಸಿದರೆ, ಇರುವ ಬೆಲೆಯೂ ಹೋಗುತ್ತದೆ.

ಅಜ್ಜಿಯ ಡಬ್ಬಿಯಲ್ಲಿ ಸಿಕ್ಕ ಐದು ಪೈಸೆಯನ್ನೇ ನೋಡಿ. 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಮುಗಿಯಿತು. ಅಂಗಡಿಯಲ್ಲಿ ಅದು ನಡೆಯುವುದಿಲ್ಲ, ಕರಗಿಸಿದರೂ ಸಿಗುವುದು ಒಂದೆರಡು ಗ್ರಾಂ ಅಲ್ಯೂಮಿನಿಯಂ. ಅದಕ್ಕೆ ಬೆಲೆ ಇರುವುದು ಅದರ ಮೇಲ್ಮೈಯಲ್ಲಿ ಮಾತ್ರ. ಮೇಲ್ಮೈ ಹಾಳಾದರೆ ಉಳಿಯುವುದು ನೆನಪೊಂದೇ.

ಪ್ಲಾಸ್ಟಿಕ್ ಕವರ್‌ನಲ್ಲಿ ಏನು ತೊಂದರೆ?

ಎಲ್ಲ ಪ್ಲಾಸ್ಟಿಕ್ ಒಂದೇ ಅಲ್ಲ. ಮೆತ್ತಗೆ ಬಾಗುವ, ಹೊಸ ರೇನ್‌ಕೋಟಿನಂತೆ ವಾಸನೆ ಬರುವ ಪಾರದರ್ಶಕ ಹಾಳೆ ಬಹುಮಟ್ಟಿಗೆ ಪಿವಿಸಿ. ಪಿವಿಸಿ ತಾನಾಗಿ ಗಟ್ಟಿ ವಸ್ತು. ಅದನ್ನು ಮೆತ್ತಗೆ ಮಾಡಲು ಎಣ್ಣೆಯಂಥ ರಾಸಾಯನಿಕ ಬೆರೆಸುತ್ತಾರೆ. ವರ್ಷಗಳು ಕಳೆದಂತೆ ಅದು ಹೊರಗೆ ಜಿನುಗಿ ನಾಣ್ಯಕ್ಕೆ ಅಂಟುತ್ತದೆ. ಬಿಸಿಲು, ಸೆಕೆಗೆ ಪಿವಿಸಿ ಕೂಡ ನಿಧಾನವಾಗಿ ಒಡೆದು ಹೈಡ್ರೋಕ್ಲೋರಿಕ್ ಆಮ್ಲವನ್ನು ಬಿಡುತ್ತದೆ. ತಾಮ್ರವಿರುವ ನಾಣ್ಯದ ಮೇಲೆ ಹಸಿರು ಜಿಡ್ಡು ಕಟ್ಟುವುದು ಹೀಗೆ. ಬೆಳ್ಳಿಯ ಹಳೇ ರೂಪಾಯಿಯಲ್ಲೂ ಸ್ವಲ್ಪ ತಾಮ್ರ ಬೆರೆತಿರುವುದರಿಂದ ಅದಕ್ಕೂ ಈ ಅಪಾಯ ತಪ್ಪಿದ್ದಲ್ಲ.

ಪಾಲಿಎಸ್ಟರ್ ಹಾಳೆ (ಮೈಲಾರ್ ಎಂದು ಮಾರುತ್ತಾರೆ), ಪಾಲಿಥೀನ್, ಪಾಲಿಪ್ರೊಪಿಲೀನ್, ಗಟ್ಟಿ ಅಕ್ರಿಲಿಕ್, ಪಾಲಿಸ್ಟೈರೀನ್ ಇವು ಸುರಕ್ಷಿತ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಹಾಳೆಯ ಮೂಲೆಯಿಂದ ಚಿಕ್ಕ ತುಂಡು ಕತ್ತರಿಸಿ ನೀರಿನಲ್ಲಿ ಮುಳುಗಿಸಿ, ಅಂಟಿದ ಗಾಳಿಗುಳ್ಳೆಗಳನ್ನು ಬೆರಳಿಂದ ಸವರಿ ಬಿಡಿ. ಪಾಲಿಥೀನ್, ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ಮೇಲಕ್ಕೆ ಬರುತ್ತವೆ. ಪಿವಿಸಿ ಮುಳುಗುತ್ತದೆ. ಆದರೆ ಸುರಕ್ಷಿತವಾದ ಪಾಲಿಎಸ್ಟರ್ ಕೂಡ ಮುಳುಗುತ್ತದೆ. ಆದ್ದರಿಂದ ತೇಲಿದರೆ ನಿಶ್ಚಿಂತೆ. ಮುಳುಗಿದರೆ ಮುಟ್ಟಿ ನೋಡಿ: ಮೆತ್ತಗೆ, ಜಿಗುಟಾಗಿದ್ದರೆ ಬೇಡ. ಪಾಲಿಎಸ್ಟರ್ ಹಾಳೆ ಗರಿಗರಿಯಾಗಿರುತ್ತದೆ.

ನಾಣ್ಯದ ಅಳತೆ ಹೇಗೆ ತೆಗೆಯಬೇಕು?

ಪೇಟೆಯಲ್ಲಿ ಸಿಗುವ ದುಂಡನೆಯ ಕ್ಯಾಪ್ಸೂಲ್‌ಗಳು ಮಿಲಿಮೀಟರ್ ಲೆಕ್ಕದಲ್ಲಿ ಬರುತ್ತವೆ. ದುಂಡು ನಾಣ್ಯಕ್ಕೆ ಅದರ ವ್ಯಾಸದಷ್ಟೇ, ಹೆಚ್ಚೆಂದರೆ ಅರ್ಧ ಮಿಲಿಮೀಟರ್ ದೊಡ್ಡದು ಸಾಕು. ಸಡಿಲವಾದರೆ ನಾಣ್ಯ ಒಳಗೆ ಗಿಲಿಗಿಲಿ ಆಡಿ ಅಂಚು ಸವೆಯುತ್ತದೆ. ಬಿಗಿಯಾದರೆ ತೆಗೆಯುವಾಗ ಗೀರು ಬೀಳುತ್ತದೆ.

ನಮ್ಮ ದೇಶದ ಎಷ್ಟೋ ನಾಣ್ಯಗಳು ದುಂಡಗಿಲ್ಲ. ಐದು ಪೈಸೆ ಚೌಕ, ಮೂರು ಪೈಸೆ ಮತ್ತು ಅಲ್ಯೂಮಿನಿಯಂನ ಇಪ್ಪತ್ತು ಪೈಸೆಗೆ ಆರು ಮೂಲೆ, ಹಳೇ ಎರಡು ಪೈಸೆ, ಹತ್ತು ಪೈಸೆಗೆ ಹೂವಿನ ದಳದಂಥ ಅಂಚು. 1992ರಿಂದ ಬಂದ ಎರಡು ರೂಪಾಯಿಗೆ ಹನ್ನೊಂದು ಬದಿ, 2020ರಲ್ಲಿ ಬಂದ ಇಪ್ಪತ್ತು ರೂಪಾಯಿಗೆ ಹನ್ನೆರಡು ಬದಿ.

ಇಲ್ಲಿ ಬಹಳ ಜನ ಮಾಡುವ ತಪ್ಪು ಬದಿಯಿಂದ ಬದಿಗೆ ಅಳೆಯುವುದು. ಕ್ಯಾಪ್ಸೂಲಿನ ಗೋಡೆಗೆ ತಾಗುವುದು ನಾಣ್ಯದ ಮೂಲೆ. ಚೂಪು ಮೂಲೆಯ ಚೌಕದಲ್ಲಿ ಮೂಲೆಯಿಂದ ಮೂಲೆಗೆ ಇರುವ ದೂರ ಬದಿಯ 1.41 ಪಟ್ಟು. ಐದು ಪೈಸೆಯ ಮೂಲೆ ಉರುಟಾಗಿರುವುದರಿಂದ ವ್ಯತ್ಯಾಸ ಅಷ್ಟಿರದು, ಆದರೂ ಬದಿಯ ಅಳತೆ ನಂಬಿ ತಂದ ಕ್ಯಾಪ್ಸೂಲ್ ಮುಚ್ಚುವುದಿಲ್ಲ. ಎರಡು ರೂಪಾಯಿಯದು ಇನ್ನೊಂದು ತಮಾಷೆ: ಹನ್ನೊಂದು ಬೆಸಸಂಖ್ಯೆ, ಹಾಗಾಗಿ ಮೂಲೆಯ ಎದುರಿಗೆ ಮೂಲೆ ಬರುವುದಿಲ್ಲ, ಬದಿ ಬರುತ್ತದೆ. ಅದನ್ನು ತಿರುಗಿಸುತ್ತಾ ಅಳೆದು, ಸಿಕ್ಕ ಅತಿ ದೊಡ್ಡ ಅಳತೆಗೆ ಅರ್ಧ ಮಿಲಿಮೀಟರ್ ಸೇರಿಸಿ. ಲೋಹದ ವರ್ನಿಯರ್‌ಗಿಂತ ಪ್ಲಾಸ್ಟಿಕ್ಕಿನದು ಒಳ್ಳೆಯದು, ಗೀರಾಗದು.

ಚೌಕ, ಆರು ಮೂಲೆಯವಕ್ಕೆ ಯಾವುದು ಸರಿ?

ಚಪ್ಪಟೆ ನಾಣ್ಯಗಳಿಗೆ ಅಗ್ಗದ, ಒಳ್ಳೆಯ ದಾರಿ 50 ಮಿಲಿಮೀಟರ್ ಚೌಕದ ರಟ್ಟಿನ ಹೋಲ್ಡರ್. ಮಧ್ಯೆ ಪಾಲಿಎಸ್ಟರ್ ಕಿಟಕಿ ಇರುತ್ತದೆ. ಎರಡು ಹಾಳೆಗಳ ನಡುವೆ ನಾಣ್ಯ ಅಲುಗಾಡದೆ ಕೂರುವುದರಿಂದ ಆಕಾರದ ಚಿಂತೆ ಇಲ್ಲ. ಮೂಲೆಗಳು ರಟ್ಟಿಗೆ ತಾಗದಷ್ಟು ದೊಡ್ಡ ಕಿಟಕಿ ಇರಲಿ.

ಪಿನ್ನು ಹೊಡೆದ ಮೇಲೆ ಅದರ ಬೆನ್ನನ್ನು ಇಕ್ಕಳದಿಂದ ಚಪ್ಪಟೆ ಮಾಡಿ. ಇಲ್ಲದಿದ್ದರೆ ಪಕ್ಕದ ಹೋಲ್ಡರಿನ ಹಾಳೆ ಹರಿದು ನಾಣ್ಯಕ್ಕೆ ಗೀರು ಬೀಳುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಪಿನ್ನು ತುಕ್ಕು ಹಿಡಿಯುವುದೂ ಉಂಟು, ವರ್ಷಕ್ಕೊಮ್ಮೆ ತೆರೆದು ನೋಡಿ.

ತುಂಬಾ ದೊಡ್ಡದಾದರೆ?

2023ರಲ್ಲಿ ಹೊಸ ಸಂಸತ್ ಭವನದ ಉದ್ಘಾಟನೆಗೆ ತಂದ 75 ರೂಪಾಯಿಯ ಸ್ಮರಣಾರ್ಥ ನಾಣ್ಯ 44 ಮಿಲಿಮೀಟರ್ ಅಗಲ, ಸುಮಾರು 35 ಗ್ರಾಂ ತೂಕ. ಅದರಲ್ಲಿ ಅರ್ಧದಷ್ಟು ಬೆಳ್ಳಿ, 40 ಭಾಗ ತಾಮ್ರ. ತಂಜಾವೂರಿನ ಬೃಹದೀಶ್ವರ ದೇವಾಲಯದ ಸಾವಿರ ವರ್ಷದ ನೆನಪಿನ 1000 ರೂಪಾಯಿ ನಾಣ್ಯದ್ದೂ ಇದೇ ಅಗಲ.

ಮಾಮೂಲಿ ರಟ್ಟಿನ ಹೋಲ್ಡರಿನ ಅತಿ ದೊಡ್ಡ ಕಿಟಕಿ 40 ಮಿಲಿಮೀಟರಿನ ಆಸುಪಾಸು. 44ರ ನಾಣ್ಯವನ್ನು ಅದರಲ್ಲಿ ತುರುಕಿದರೆ ಅಂಚಿಡೀ ರಟ್ಟಿಗೆ ಒತ್ತಿಕೊಳ್ಳುತ್ತದೆ. ಅಗ್ಗದ ರಟ್ಟಿನಲ್ಲಿ ಗಂಧಕದ ಅಂಶ ಇರಬಹುದು, ಬೆಳ್ಳಿಯನ್ನು ಕಪ್ಪಾಗಿಸುವುದು ಅದೇ. ರಬ್ಬರ್ ಬ್ಯಾಂಡ್, ಹಳೇ ಪತ್ರಿಕೆಯ ಕಾಗದ ಬೇಡ ಎನ್ನುವುದೂ ಇದಕ್ಕೇ. ಇಂಥ ನಾಣ್ಯಕ್ಕೆ 44 ಮಿಲಿಮೀಟರಿನ ಅಕ್ರಿಲಿಕ್ ಕ್ಯಾಪ್ಸೂಲ್ ಸರಿ.

ತುಂಬಾ ಚಿಕ್ಕದು, ತುಂಬಾ ದಪ್ಪದ್ದು?

ಮೈಸೂರಿನ ಕಂಠೀರವ ನರಸರಾಜ ಒಡೆಯರು (1638–1659) ಹೊರಡಿಸಿದ ಕಂಠೀರಾಯ ಹಣ ಚಿನ್ನದ್ದು. ತೂಕ ಅರ್ಧ ಗ್ರಾಂಗಿಂತ ಕಡಿಮೆ, ಅಗಲ ಕಿರುಬೆರಳಿನ ಉಗುರಿಗಿಂತಲೂ ಕಮ್ಮಿ. ಚಿನ್ನ ಸುಲಭಕ್ಕೆ ಕಪ್ಪಾಗುವುದಿಲ್ಲ, ಇದರ ಅಪಾಯ ಬೇರೆ: ಕಳೆದುಹೋಗುವುದು. ದೊಡ್ಡ ಕಿಟಕಿಯ ಹೋಲ್ಡರಿನಲ್ಲಿ ಅದು ಮೂಲೆಗೆ ಜಾರಿ, ರಟ್ಟಿನ ಸಂದಿಯಿಂದ ಉದುರಿಬಿಡುತ್ತದೆ. ಇದಕ್ಕೆ ಫೋಮ್ ಉಂಗುರವಿರುವ ಕ್ಯಾಪ್ಸೂಲ್ ಆರಿಸಿ. ಉಂಗುರದ ತೂತು ನಾಣ್ಯವನ್ನು ನಡುವೆ ಹಿಡಿಯುತ್ತದೆ. ಫೋಮ್ ಕೂಡ ಪಿವಿಸಿ ಅಲ್ಲ ಎಂದು ಅಂಗಡಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಟಿಪ್ಪು ಕಾಲದ ಆನೆ ಚಿತ್ರದ ತಾಮ್ರದ ನಾಣ್ಯಗಳ ಕಥೆ ಇದರ ತಿರುಗುಮುರುಗು. ಅಚ್ಚು ಕೈಯಿಂದ ಹೊಡೆದದ್ದು, ದುಂಡು ಸರಿಯಿಲ್ಲ, ದಪ್ಪ ಹೆಚ್ಚು. ಕಿಟಕಿಯ ಹಾಳೆ ಎಳೆದುಕೊಂಡು ಹರಿಯುತ್ತದೆ. ಅಳತೆಯ ಕ್ಯಾಪ್ಸೂಲೂ ಹೊಂದುವುದಿಲ್ಲ. ಪಾಲಿಪ್ರೊಪಿಲೀನ್ ಅಥವಾ ಪಾಲಿಎಸ್ಟರಿನ ಚಿಕ್ಕ ಜೇಬುಗಳಲ್ಲಿ ಒಂದಕ್ಕೆ ಒಂದರಂತೆ ಇಡಿ. ಕ್ಯಾಪ್ಸೂಲ್ ಬೇಕೇ ಬೇಕೆಂದರೆ ಅಗಲದ ಜೊತೆ ಒಳಗಿನ ಆಳವನ್ನೂ ಕೇಳಿ.

ಕೊಳೆ ತೊಳೆದು ಇಡಬಹುದಲ್ಲ?

ಬೇಡ. ಹುಣಸೆಹಣ್ಣು, ನಿಂಬೆರಸದ ಆಮ್ಲ ಕಿಲುಬಿನ ಜೊತೆ ಮೇಲ್ಪದರವನ್ನೂ ತಿನ್ನುತ್ತದೆ. ಟೂತ್‌ಪೇಸ್ಟ್, ಸಬೀನಾ ಪುಡಿ ಕಣ್ಣಿಗೆ ಕಾಣದ ಸಾವಿರ ಗೀರು ಎಳೆಯುತ್ತವೆ. ದೀಪಕ್ಕೆ, ಚೊಂಬಿಗೆ ಅದು ಸರಿ. ನಾಣ್ಯ ಸಂಗ್ರಹಕಾರರು ತಿಕ್ಕಿದ್ದನ್ನು ನೋಡಿದ ಕೂಡಲೇ ಗುರುತಿಸುತ್ತಾರೆ, ಬೆಲೆ ಇಳಿಸುತ್ತಾರೆ. ಪಿವಿಸಿ ಜಿಡ್ಡನ್ನು ಶುದ್ಧ ಅಸಿಟೋನ್ ತೆಗೆಯುತ್ತದೆ ನಿಜ, ಆದರೆ ಅದು ಥಟ್ಟನೆ ಬೆಂಕಿ ಹಿಡಿಯುವ ದ್ರವ. ಉಗುರಿನ ಬಣ್ಣ ತೆಗೆಯುವ ಬಾಟಲಿಯಲ್ಲಿ ಬೇರೆ ವಸ್ತುಗಳೂ ಇರುತ್ತವೆ. ಅನುಭವಿಗಳ ಕೈಗೆ ಬಿಡಿ.

ನೆನಪಿಡಿ

- ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ, ಕೆಳಗೆ ಮೆತ್ತನೆ ಬಟ್ಟೆ ಹಾಸಿರಿ.
- ಸೆಲ್ಲೋಟೇಪ್, ಗಮ್, ಲ್ಯಾಮಿನೇಶನ್ ಯಾವುದೂ ಬೇಡ.
- ಕ್ಯಾಪ್ಸೂಲ್ ಪೂರ್ತಿ ಗಾಳಿ ತಡೆಯುವುದಿಲ್ಲ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಮಳೆಗಾಲದಲ್ಲಿ ಬದಲಿಸಿ.
- ಹಳೇ ಆಲ್ಬಮ್ ಮೆತ್ತಗೆ, ವಾಸನೆ ಬರುವಂತಿದ್ದರೆ ನಾಣ್ಯಗಳನ್ನು ಇವತ್ತೇ ಹೊರತೆಗೆಯಿರಿ.
- "ಹಳೇ ನಾಣ್ಯ ಕೊಳ್ಳುತ್ತೇವೆ, ಮೊದಲು ಕಮಿಷನ್ ಕಟ್ಟಿ" ಎಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳುವವರನ್ನು ನಂಬಬೇಡಿ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ.

ಹುಣಸೆಹಣ್ಣಿನ ಸಂದೇಶ ನಿಮ್ಮ ಮನೆಯ ಗ್ರೂಪಿಗೆ ಮತ್ತೆ ಬಂದರೆ ಇದನ್ನು ಕಳಿಸಿ. ತಿಕ್ಕಿ ಹೋದ ಮೇಲ್ಮೈಯನ್ನು ಯಾವ ಕ್ಯಾಪ್ಸೂಲೂ ಮರಳಿ ತರಲಾರದು.