ಬ್ರಿಜಿಡ್‌ಗೆ ಮಾತ್ರ ಸೋಮವಾರ ಯಾಕೆ?

ಊರಿಂದ ಫೋನ್ ಮಾಡುವವರು ಐರ್ಲೆಂಡಿನ ಹಬ್ಬ ಅಂತ ಕೇಳುವುದು ಎರಡನ್ನೇ: ಮಾರ್ಚ್ 17ರ ಸಂತ ಪ್ಯಾಟ್ರಿಕ್ ಹಬ್ಬದ ಹಸಿರು ಟೋಪಿ, ಹ್ಯಾಲೋವೀನ್ ಕುಂಬಳಕಾಯಿ. ಕುಂಬಳಕಾಯಿ ಬಂದಿದ್ದು ಅಮೆರಿಕದಿಂದ. ಇಲ್ಲಿ ಹಿಂದೆ ಕೊರೆಯುತ್ತಿದ್ದುದು ಟರ್ನಿಪ್ ಗೆಡ್ಡೆ. ಇರಲಿ, ಆ ಹಬ್ಬಗಳಿಗೆ ನನ್ನ ವಕಾಲತ್ತು ಬೇಕಿಲ್ಲ. ನನ್ನ ತಕರಾರು ಫೆಬ್ರವರಿ 1ರದು.

ಅದು ಸಂತ ಬ್ರಿಜಿಡ್‌ಳ ದಿನ, ಹಳಬರ ಲೆಕ್ಕದಲ್ಲಿ ವಸಂತದ ಮೊದಲ ದಿನ. ನಾನು ನರ್ಸ್ ಕೆಲಸದಲ್ಲಿರುವುದು ಅವಳದೇ ಕಿಲ್ಡೇರ್‌ನಲ್ಲಿ. ಬಂದ ಹೊಸತರಲ್ಲಿ, ಜನವರಿ 31ರ ಸಂಜೆ ನೈಟ್ ಡ್ಯೂಟಿಗೆ ಹೊರಟಾಗ ಪಕ್ಕದ ಮನೆ ಅಜ್ಜಿಯ ಬೇಲಿ ಮೇಲೊಂದು ಬಿಳಿ ಬಟ್ಟೆ ಕಂಡಿತು. "ಮಳೆ ಬರ್ತಿದೆ, ಒಳಗೆ ತೊಗೊಳ್ಳಿ" ಎಂದೆ. ನಕ್ಕುಬಿಟ್ಟರು. ಆ ರಾತ್ರಿ ಬ್ರಿಜಿಡ್ ಹಾದು ಹೋಗುವಾಗ ಬಟ್ಟೆಯನ್ನು ಹರಸುತ್ತಾಳಂತೆ. ವರ್ಷವಿಡೀ ತಲೆನೋವಿಗೆ ಅದನ್ನೇ ಕಟ್ಟಿಕೊಳ್ಳುವುದು. ಮಾತ್ರೆ ಹಂಚಿ ಬದುಕುವ ನನಗೇ ಇದನ್ನು ಹೇಳಲು ಅವರಿಗೆ ಒಂಚೂರೂ ಸಂಕೋಚವಿರಲಿಲ್ಲ.

ಮರುದಿನ ಜೊಂಡಿನ ಶಿಲುಬೆ ಹೆಣೆಯಲು ಕಲಿಸಿದರು. ಜೊಂಡನ್ನು ಕೊಯ್ಯುವಂತಿಲ್ಲ, ಕೈಯಿಂದಲೇ ಕೀಳಬೇಕು. ಒಂದು ಕಡ್ಡಿ ನೆಟ್ಟಗೆ ಹಿಡಿದು, ಇನ್ನೊಂದನ್ನು ಅದರ ನಡುವಿಗೆ ಮಡಚಿ, ಕಾಲು ಸುತ್ತು ತಿರುಗಿಸಿ, ಮತ್ತೊಂದು, ಮತ್ತೊಂದು. ನಡುವೆ ಚೌಕ ಮೂಡುತ್ತದೆ, ತುದಿಗಳನ್ನು ಕಟ್ಟಿದರೆ ನಾಲ್ಕು ತೋಳು. ನನ್ನದು ಸೊಟ್ಟಗಾಯಿತು. ಬೆಂಕಿ ತಾಗದಿರಲಿ ಎಂದು ಬಾಗಿಲ ಮೇಲೆ ಅದನ್ನೇ ಸಿಕ್ಕಿಸಿದರು. ಹೊದಿಕೆ ಹರಡಿದಷ್ಟು ನೆಲ ಕೊಡು ಎಂದು ಬ್ರಿಜಿಡ್ ದೊರೆಯನ್ನು ಕೇಳಿದ್ದು, ಅದು ಹಿಗ್ಗಿ ಹಿಗ್ಗಿ ಇಡೀ ಬಯಲನ್ನೇ ಮುಚ್ಚಿದ್ದು, ಈ ಕತೆಯೂ ಆಗಲೇ ಕಿವಿಗೆ ಬಿತ್ತು. ವಾಮನನ ಕತೆ ಕೇಳಿ ಬೆಳೆದವಳು, ದೊರೆಯ ಗತಿ ಮೊದಲೇ ಗೊತ್ತಾಯಿತು!

2023ರಿಂದ ಅವಳ ಹೆಸರಲ್ಲಿ ಸರ್ಕಾರಿ ರಜೆ ಇದೆ. ಹೆಣ್ಣೊಬ್ಬಳ ಹೆಸರಿನ ರಜೆ ಈ ದೇಶದಲ್ಲಿ ಅದೇ ಮೊದಲು. ಸಂತೋಷ. ಆದರೆ ರಜೆ ಬರುವುದು ಫೆಬ್ರವರಿಯ ಮೊದಲ ಸೋಮವಾರ. 1ನೇ ತಾರೀಖು ಶುಕ್ರವಾರವಾದರೆ ಮಾತ್ರ ಅಂದೇ. ಒಟ್ಟಿನಲ್ಲಿ ಶನಿವಾರ, ಭಾನುವಾರಕ್ಕೆ ಅಂಟಿಕೊಂಡಿರಬೇಕು. ಮೊದಲ ವರ್ಷ ಹಬ್ಬ ಬುಧವಾರ ಬಂತು, ರಜೆ 6ರಂದು ಸಿಕ್ಕಿತು. ಅಷ್ಟರಲ್ಲಿ ಅಜ್ಜಿಯ ಬಟ್ಟೆ ಮಡಚಿ ಪೆಟ್ಟಿಗೆ ಸೇರಿತ್ತು. ಪ್ಯಾಟ್ರಿಕ್ ಹಬ್ಬಕ್ಕೆ ಯಾವ ವಾರವಾದರೂ 17ನೇ ತಾರೀಖೇ. ಅವನಿಗಿರುವ ಮರ್ಯಾದೆ ಇವಳಿಗೂ ಸಲ್ಲಲಿ. ವಾರದ ನಡುವೆ ಒಂದು ರಜೆ ಬಂದರೆ ಯಾರ ಗಂಟೂ ಹೋಗುವುದಿಲ್ಲ.

2027ರಲ್ಲಿ ಫೆಬ್ರವರಿ 1 ತಾನಾಗಿಯೇ ಸೋಮವಾರ ಬೀಳುತ್ತದೆ. ಆ ವರ್ಷದ ಮಟ್ಟಿಗೆ ನನ್ನ ತಕರಾರಿಲ್ಲ.